ಹೆಜ್ಜೆ ಎಣಿಸುವ ಮೋಟಾರು

ಟಿಕ್ ಟಿಕ್ ಎಂದು ಸದ್ದು ಮಾಡುವ ಕ್ವಾರ್ಟ್ಸ್ ಗೋಡೆಗಡಿಯಾರದ ಸೆಕೆಂಡಿನ ಮುಳ್ಳನ್ನು ಅರೆನಿಮಿಷ ದಿಟ್ಟಿಸಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಆ ಮುಳ್ಳು ಹರಿಯುವ ನೀರಿನಂತೆ ಎಡೆಬಿಡದೆ ಸಾಗುವುದಿಲ್ಲ. ಒಂದು ಹೆಜ್ಜೆಯಿಟ್ಟು ನಿಲ್ಲುತ್ತದೆ. ಮರುಕ್ಷಣ ಇನ್ನೊಂದು ಹೆಜ್ಜೆಯಿಡುತ್ತದೆ. ಅದನ್ನು ಹೀಗೆ ನಡೆಸುವುದು ಫ್ರಾನ್ಸಿನ ಮಾರಿಯುಸ್ ಲಾವೆ ಎಂಬ ಎಂಜಿನಿಯರು ೧೯೩೬ರಲ್ಲಿ ಕಲ್ಪಿಸಿದ ಬಗೆಯ ಪುಟ್ಟ ಮೋಟಾರು. ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಮೊಟ್ಟಮೊದಲ ಕ್ವಾರ್ಟ್ಸ್ ಕೈಗಡಿಯಾರದಲ್ಲಿಯೂ ಮುಳ್ಳುಗಳನ್ನು ನಡೆಸಿದುದು ಹೆಜ್ಜೆಯಿಡುವ ಮೋಟಾರೇ. ಇಂಥ ಮೋಟಾರುಗಳಿಗೆ ಸ್ಟೆಪ್ಪರ್ ಮೋಟಾರುಗಳೆಂದು ಹೆಸರು.

ಬೀಸಣಿಗೆಯ ಮೋಟಾರಿಗೂ ಇದಕ್ಕೂ ಇರುವ ಭೇದವೇನು? ಬೀಸಣಿಗೆಗೆ ವಿದ್ಯುತ್ತನ್ನು ಕೊಟ್ಟರೆ ಅದು ತಿರುಗುತ್ತದೆ. ಎಷ್ಟು ಸುತ್ತು ತಿರುಗಿತು, ಈಗ ಅದರ ರೆಕ್ಕೆ ಯಾವ ದಿಕ್ಕಿಗಿದೆ ಎಂಬುದನ್ನು ನಾವು ಹೇಳಲಾರೆವು. ಸ್ಟೆಪ್ಪರ್ ಮೋಟಾರಾದರೋ ಒಂದು ಆಜ್ಞೆಗೆ ಒಂದೇ ಹೆಜ್ಜೆ ಇಡುತ್ತದೆ. ಆಜ್ಞೆಗಳನ್ನು ಎಣಿಸುತ್ತ ಹೋದರೆ ಅದು ಎಲ್ಲಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ. ಕಾಗದವನ್ನು ಗೆರೆಗೆರೆಯಾಗಿ ಸರಿಸುವ ಮುದ್ರಕಯಂತ್ರವು ಈ ಎಣಿಕೆಯನ್ನೇ ನೆಚ್ಚಿಕೊಂಡಿದೆ.

ಒಳಗಿನ ರಚನೆ

ವಿದ್ಯಾರ್ಥಿಗಳ ಹಾಗೂ ಹವ್ಯಾಸಿಗಳ ಕೈಗೆ ಇಂದು ಸುಲಭವಾಗಿ ಸಿಗುವ ಮೋಟಾರು ೨೮ಬಿವೈಜೆ-೪೮ ಎಂಬುದು. ೫ ವೋಲ್ಟಿನಿಂದ ನಡೆಯುವ ಇದಕ್ಕೆ ಐದು ತಂತಿಗಳಿವೆ. ಕೆಂಪು ತಂತಿಯು ಎಲ್ಲ ಸುರುಳಿಗಳಿಗೂ ಸಾಮಾನ್ಯ. ನೀಲಿ, ನಸುಗೆಂಪು, ಹಳದಿ, ಕಿತ್ತಳೆ ಬಣ್ಣದ ನಾಲ್ಕು ತಂತಿಗಳು ನಾಲ್ಕು ಸುರುಳಿಗಳವು. ನಡುವೆ ಇರುವುದು ಶಾಶ್ವತ ಅಯಸ್ಕಾಂತದಿಂದಾದ ಉರುಳೆ. ಒಂದು ಸುರುಳಿಯಲ್ಲಿ ಪ್ರವಾಹ ಹರಿದಾಗ ಅದರ ಸುತ್ತಲಿನ ಕಬ್ಬಿಣದ ಹಲ್ಲುಗಳು ಕಾಂತಧ್ರುವಗಳಾಗಿ ಉರುಳೆಯ ವಿರುದ್ಧ ಧ್ರುವಗಳನ್ನು ತಮ್ಮೆಡೆಗೆ ಸೆಳೆದು ನಿಲ್ಲಿಸುತ್ತವೆ. ಅದನ್ನು ಆರಿಸಿ ಪಕ್ಕದ ಸುರುಳಿಯನ್ನು ಎಚ್ಚರಿಸಿದರೆ ಉರುಳೆಯು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಇಂಥ ೩೨ ಹೆಜ್ಜೆಗಳಿಗೆ ಉರುಳೆಯ ಒಂದು ಸುತ್ತು. ಎಂದರೆ ಹೆಜ್ಜೆಯೊಂದಕ್ಕೆ ೧೧.೨೫ ಡಿಗ್ರಿ.

ಹೆಜ್ಜೆಯನ್ನು ಇನ್ನೂ ಸಣ್ಣದು ಮಾಡುವ ಉಪಾಯವೊಂದಿದೆ. ಮೊದಲನೆಯ ಸುರುಳಿಯನ್ನು ಆರಿಸುವ ಮುನ್ನವೇ ಎರಡನೆಯದನ್ನೂ ಎಚ್ಚರಿಸಿದರೆ, ಎರಡರ ಸೆಳೆತಕ್ಕೂ ಸಿಲುಕಿದ ಉರುಳೆಯು ನಟ್ಟನಡುವೆ ನಿಲ್ಲುತ್ತದೆ. ಇದು ಅರ್ಧಹೆಜ್ಜೆ. ಆಗ ಕ್ರಮ ಹೀಗಾಗುತ್ತದೆ: ೧, ೧ ಮತ್ತು ೨, ೨, ೨ ಮತ್ತು ೩, ೩, ೩ ಮತ್ತು ೪, ೪, ೪ ಮತ್ತು ೧. ಎಂಟು ಸ್ಥಿತಿಗಳು ಮುಗಿದೊಡನೆ ಮತ್ತೆ ಮೊದಲಿನಿಂದ. ಕ್ರಮವನ್ನು ಹಿಂದುಮುಂದಾಗಿ ಓದಿದರೆ ಮೋಟಾರೂ ಹಿಮ್ಮುಖವಾಗಿ ತಿರುಗುತ್ತದೆ. ಎರಡು ಸ್ಥಿತಿಗಳ ನಡುವಣ ಬಿಡುವನ್ನು ಕಿರಿದು ಮಾಡಿದರೆ ವೇಗ ಹೆಚ್ಚುತ್ತದೆ.

ಈ ಎಂಟು ಸಾಲಿನ ಪಾಠವನ್ನು ದಣಿಯದೆ ಒಪ್ಪಿಸುವ ಕೆಲಸ ಮೈಕ್ರೋಕಂಟ್ರೋಲರಿನದು. ಅದು ಒಂದೇ ಚಿಪ್ಪಿನೊಳಗೆ ಅಡಕವಾದ ಪುಟ್ಟ ಗಣಕ. ಆರ್ಡ್ವಿನೋ ಊನೋ ಹಲಗೆಯ ಮೇಲಿರುವುದು ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಮಿಡಿತಗಳ ಲಯದಲ್ಲಿ ದುಡಿಯುತ್ತದೆ. ಆದರೆ ಅದಕ್ಕೆ ಬುದ್ಧಿಯಿರುವಷ್ಟು ತೋಳ್ಬಲವಿಲ್ಲ. ಮೋಟಾರಿನ ಒಂದು ಸುರುಳಿಯ ರೋಧ ಸುಮಾರು ೫೦ ಓಮ್. ೫ ವೋಲ್ಟಿಗೆ ಅದು ೧೦೦ ಮಿಲಿಆಂಪೇರನ್ನು ಬೇಡುತ್ತದೆ. ಚಿಪ್ಪಿನ ಒಂದು ಕಾಲಾದರೋ ೪೦ ಮಿಲಿಆಂಪೇರಿನ ಗಡಿಯನ್ನು ಎಂದಿಗೂ ಮೀರಬಾರದು. ಆದುದರಿಂದ ನಡುವೆ ಯುಎಲ್‌ಎನ್ ೨೦೦೩ ಎಂಬ ಚಿಪ್ಪನ್ನು ಇಡುತ್ತಾರೆ. ಇದರಲ್ಲಿರುವ ಏಳು ಟ್ರಾನ್ಸಿಸ್ಟರ್ ಜೋಡಿಗಳು ಕ್ಷೀಣವಾದ ಸಂಕೇತವನ್ನು ಪಡೆದು ಬಲವಾದ ಪ್ರವಾಹವನ್ನು ಬಿಡುತ್ತವೆ, ತಡೆಯುತ್ತವೆ. ಸುರುಳಿಯ ಪ್ರವಾಹವನ್ನು ಥಟ್ಟನೆ ಕಡಿದಾಗ ಅದು ಹೆಚ್ಚಿನ ವೋಲ್ಟೇಜಿನಿಂದ ತಿರುಗಿ ಒದೆಯುವುದುಂಟು. ಆ ಒದೆತವನ್ನು ತಾಳಿಕೊಳ್ಳುವ ಡಯೋಡುಗಳೂ ಇದರೊಳಗೇ ಇವೆ.

ಅರವತ್ತನಾಲ್ಕೋ, ಅಲ್ಲವೋ?

ಉರುಳೆಯ ತಿರುಗುವಿಕೆಯು ನೇರವಾಗಿ ಹೊರಗೆ ಬರುವುದಿಲ್ಲ. ನಾಲ್ಕು ಜೋಡಿ ಹಲ್ಲುಗಾಲಿಗಳು ಅದನ್ನು ನಿಧಾನಗೊಳಿಸಿ, ಬಲವನ್ನು ಹೆಚ್ಚಿಸಿ ಹೊರಗಿನ ದಂಡಕ್ಕೆ ಮುಟ್ಟಿಸುತ್ತವೆ. ವಿವರಣಪತ್ರಗಳಲ್ಲಿ ಈ ಪ್ರಮಾಣವನ್ನು ೬೪ಕ್ಕೆ ೧ ಎಂದು ಅಚ್ಚುಮಾಡಿರುತ್ತಾರೆ. ಉರುಳೆಗೆ ೬೪ ಅರ್ಧಹೆಜ್ಜೆ, ಗಾಲಿಗಳ ಪ್ರಮಾಣ ೬೪. ಗುಣಿಸಿದರೆ ದಂಡದ ಸುತ್ತಿಗೆ ೪೦೯೬ ಅರ್ಧಹೆಜ್ಜೆಗಳು. ಎಷ್ಟು ಚೆಲುವಾದ ಸಂಖ್ಯೆ!

ಆದರೆ ಮೋಟಾರನ್ನು ಬಿಚ್ಚಿ ಗಾಲಿಗಳ ಹಲ್ಲುಗಳನ್ನು ಎಣಿಸಿದರೆ ದೊರೆಯುವ ಲೆಕ್ಕವೇ ಬೇರೆ. ಜೋಡಿಗಳ ಪ್ರಮಾಣಗಳು ೩೨ಕ್ಕೆ ೯, ೨೨ಕ್ಕೆ ೧೧, ೨೬ಕ್ಕೆ ೯ ಮತ್ತು ೩೧ಕ್ಕೆ ೧೦. ಇವನ್ನೆಲ್ಲ ಗುಣಿಸಿದರೆ ಬರುವುದು ೨೫೭೯೨/೪೦೫. ಎಂದರೆ ಸುಮಾರು ೬೩.೬೮೪. ಹಾಗಾಗಿ ದಂಡದ ಸುತ್ತಿಗೆ ನಿಜವಾಗಿ ಬೇಕಾದುದು ಸುಮಾರು ೪೦೭೫.೭೭ ಅರ್ಧಹೆಜ್ಜೆಗಳು ಮಾತ್ರ.

ಇದನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ದಂಡಕ್ಕೆ ಕಾಗದದ ಮುಳ್ಳೊಂದನ್ನು ಅಂಟಿಸಿ, ಅದರ ತುದಿಯಿರುವ ಜಾಗವನ್ನು ಗುರುತಿಸಿಕೊಳ್ಳಿ. ಬಳಿಕ ೪೦೯೬ನ್ನು ನೂರರಿಂದ ಗುಣಿಸಿ, ೪,೦೯,೬೦೦ ಅರ್ಧಹೆಜ್ಜೆಗಳನ್ನು ಒಂದೇ ದಿಕ್ಕಿನಲ್ಲಿ ನಡೆಸಿರಿ. ಸೆಕೆಂಡಿಗೆ ೫೦೦ರಂತೆ ನಡೆಸಿದರೆ ಸುಮಾರು ಹದಿನಾಲ್ಕು ನಿಮಿಷ ಹಿಡಿಯುತ್ತದೆ. ಅಚ್ಚಾದ ಸಂಖ್ಯೆ ನಿಜವಾಗಿದ್ದರೆ ಮುಳ್ಳು ಸರಿಯಾಗಿ ನೂರು ಸುತ್ತು ತಿರುಗಿ ಗುರುತಿನ ಮೇಲೆಯೇ ನಿಲ್ಲಬೇಕು. ಹಲ್ಲುಗಳ ಲೆಕ್ಕ ನಿಜವಾದರೆ ಅದು ಇನ್ನೂ ೧೭೯ ಡಿಗ್ರಿ ಮುಂದೆ ಹೋಗಿ, ಗುರುತಿಗೆ ಬಹುಮಟ್ಟಿಗೆ ನೇರ ಎದುರಿನಲ್ಲಿ ನಿಲ್ಲಬೇಕು. ಬೇರೆ ಪ್ರಮಾಣದ ಗಾಲಿಗಳುಳ್ಳ ಮೋಟಾರುಗಳೂ ಮಾರಾಟದಲ್ಲಿರುವುದರಿಂದ, ಪ್ರತಿಯೊಬ್ಬರೂ ತಮ್ಮ ಮೋಟಾರನ್ನು ಹೀಗೆ ಪರೀಕ್ಷಿಸಿಯೇ ಮುಂದುವರಿಯುವುದು ಮೇಲು.

ಇಷ್ಟು ಅಲ್ಪವಾದ ವ್ಯತ್ಯಾಸದಿಂದ ಕೆಡುವುದಾದರೂ ಏನು? ಈ ದಂಡಕ್ಕೆ ಗಡಿಯಾರದ ನಿಮಿಷದ ಮುಳ್ಳನ್ನು ಸಿಕ್ಕಿಸಿ, ಗಂಟೆಗೆ ೪೦೯೬ ಅರ್ಧಹೆಜ್ಜೆಗಳಂತೆ ನಡೆಸಿದೆವೆನ್ನೋಣ. ಒಂದು ದಿನದಲ್ಲಿ ಆ ಗಡಿಯಾರ ಏಳು ನಿಮಿಷಕ್ಕೂ ತುಸು ಹೆಚ್ಚಾಗಿ ಮುಂದೆ ಓಡಿರುತ್ತದೆ!

ಅಧಿಕಮಾಸದ ಉಪಾಯ

ಸರಿಯಾಗಿ ನಡೆಸುವ ಬಗೆ ಹೇಗೆ? ಗಂಟೆಗೆ ೪೦೭೫.೭೭ ಎಂದರೆ ನಿಮಿಷಕ್ಕೆ ಸುಮಾರು ೬೭.೯೩ ಅರ್ಧಹೆಜ್ಜೆಗಳು. ಮೋಟಾರು ಹೆಜ್ಜೆಯ ಭಾಗಾಂಶವನ್ನು ಇಡಲಾರದು. ಇಲ್ಲಿ ನಮ್ಮ ಪಂಚಾಂಗಕರ್ತರ ಜಾಣ್ಮೆ ನೆನಪಿಗೆ ಬರುತ್ತದೆ. ಹನ್ನೆರಡು ಚಾಂದ್ರಮಾಸಗಳು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಕೊರತೆಯನ್ನು ವರ್ಷವರ್ಷವೂ ಕೂಡಿಡುತ್ತ ಬಂದು, ಅದು ತಿಂಗಳಷ್ಟಾದಾಗ ಒಂದು ಅಧಿಕಮಾಸವನ್ನು ಸೇರಿಸುತ್ತಾರೆ. ನಾವೂ ಹಾಗೆಯೇ ಮಾಡೋಣ.

ಮೇಲಿನ ಭಿನ್ನರಾಶಿಯನ್ನು ಸರಳಗೊಳಿಸಿದರೆ ನಿಮಿಷಕ್ಕೆ ಬೇಕಾದುದು ೬೭ ಪೂರ್ಣ, ಮೇಲೆ ೫೬೪೭/೬೦೭೫ ಅರ್ಧಹೆಜ್ಜೆ. ಪ್ರತಿ ನಿಮಿಷವೂ ಮೋಟಾರು ೬೭ನ್ನು ಇಡಲಿ. ಜೊತೆಗೆ ೫೬೪೭ನ್ನು ಒಂದು ಖಾತೆಗೆ ಜಮಾ ಮಾಡಲಿ. ಖಾತೆ ೬೦೭೫ನ್ನು ಮುಟ್ಟಿದಾಗ ಅಥವಾ ಮೀರಿದಾಗ ಅಷ್ಟನ್ನು ಕಳೆದು, ಒಂದು ಅರ್ಧಹೆಜ್ಜೆಯನ್ನು ಹೆಚ್ಚಾಗಿ ಇಡಲಿ. ಮೊದಲ ನಿಮಿಷದಲ್ಲಿ ಖಾತೆ ೫೬೪೭, ಆದ್ದರಿಂದ ೬೭. ಎರಡನೆಯದರಲ್ಲಿ ೧೧,೨೯೪, ೬೦೭೫ ಕಳೆದು ೫೨೧೯ ಉಳಿಯುತ್ತದೆ, ಹೆಜ್ಜೆ ೬೮. ಹೀಗೆ ಹೆಚ್ಚಿನ ನಿಮಿಷಗಳಲ್ಲಿ ೬೮, ಹದಿನಾಲ್ಕು ನಿಮಿಷಕ್ಕೊಮ್ಮೆ ಹೆಚ್ಚುಕಡಮೆ ೬೭ ಬೀಳುತ್ತದೆ. ತಪ್ಪು ಎಂದಿಗೂ ಒಂದು ಅರ್ಧಹೆಜ್ಜೆಯನ್ನು ಮೀರದು. ಭಿನ್ನರಾಶಿಯನ್ನು ಸರಳಗೊಳಿಸದೆ ೨೨,೫೮೮/೨೪,೩೦೦ ಎಂದೇ ಬಿಟ್ಟಿದ್ದರೆ ಖಾತೆಯು ೪೬,೦೦೦ವನ್ನೂ ದಾಟುತ್ತಿತ್ತು. ಊನೋ ಹಲಗೆಯ ಸಾಮಾನ್ಯ ಪೂರ್ಣಾಂಕದ ಮಿತಿ ೩೨,೭೬೭. ಅದನ್ನು ಮೀರಿದರೆ ಲೆಕ್ಕ ಋಣಸಂಖ್ಯೆಗೆ ಹೊರಳಿ ಕೆಡುತ್ತದೆ.

ನಿಮಿಷವನ್ನು ಅಳೆಯುವ ಸಾಧನವೂ ನೆಚ್ಚುವಂಥದಾಗಿರಬೇಕು. ಊನೋದ ಮುಖ್ಯ ಚಿಪ್ಪಿಗೆ ಲಯ ಕೊಡುವುದು ಸಾಮಾನ್ಯವಾಗಿ ಪಿಂಗಾಣಿಯ ಕಂಪಕ. ಅದು ಸ್ಫಟಿಕದಷ್ಟು ನಿಖರವಲ್ಲ. ತಾಪಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಡಿಎಸ್ ೩೨೩೧ ಎಂಬ ಗಡಿಯಾರದ ಚಿಪ್ಪನ್ನು ಜೋಡಿಸಿದರೆ ವರ್ಷಕ್ಕೆ ಸುಮಾರು ಒಂದು ನಿಮಿಷಕ್ಕಿಂತ ಹೆಚ್ಚು ತಪ್ಪು ಬಾರದು.

ಕುರುಡು ನಂಬಿಕೆ

ಒಂದು ಮಾತನ್ನು ಮರೆಯಬಾರದು. ಮೈಕ್ರೋಕಂಟ್ರೋಲರು ತಾನು ಕೊಟ್ಟ ಆಜ್ಞೆಗಳನ್ನು ಎಣಿಸುತ್ತದೆಯೇ ಹೊರತು ಮೋಟಾರು ಇಟ್ಟ ಹೆಜ್ಜೆಗಳನ್ನಲ್ಲ. ಹೊರೆ ಅತಿಯಾದರೆ, ಅಥವಾ ನಿಂತಿದ್ದ ಮೋಟಾರನ್ನು ಒಮ್ಮೆಗೇ ವೇಗವಾಗಿ ಓಡಿಸಹೊರಟರೆ, ಉರುಳೆಯು ನಡುಗಿ ನಿಂತಲ್ಲೇ ನಿಲ್ಲುತ್ತದೆ. ಎಣಿಕೆ ಮಾತ್ರ ಮುಂದೆ ಸಾಗುತ್ತದೆ. ಆದ್ದರಿಂದ ವೇಗವನ್ನು ಮೆಲ್ಲಮೆಲ್ಲನೆ ಏರಿಸಬೇಕು. ವಿದ್ಯುತ್ತು ಹೋಗಿ ಬಂದಾಗಲೂ ಯಂತ್ರಕ್ಕೆ ತಾನೆಲ್ಲಿದ್ದೆನೆಂಬ ನೆನಪಿರದು. ಮುಳ್ಳಿಗೆ ಚಿಕ್ಕ ಅಯಸ್ಕಾಂತವನ್ನೂ ಹನ್ನೆರಡರ ಬಳಿ ಅದನ್ನು ಗುರುತಿಸುವ ಹಾಲ್ ಸಂವೇದಕವನ್ನೂ ಇಟ್ಟರೆ, ಗಂಟೆಗೊಮ್ಮೆ ಎಣಿಕೆಯನ್ನು ಸತ್ಯದೊಡನೆ ಒರೆಹಚ್ಚಿ ನೋಡಬಹುದು.

ಇನ್ನು ಮಿತವ್ಯಯದ ಮಾತು. ಮೋಟಾರು ನಿಂತಿರುವಾಗಲೂ ಸುರುಳಿಗಳಲ್ಲಿ ಪ್ರವಾಹವಿದ್ದರೆ ಅರ್ಧದಿಂದ ಒಂದು ವಾಟಿನವರೆಗೆ ಸುಮ್ಮನೆ ಶಾಖವಾಗಿ ಹೋಗುತ್ತದೆ. ಹಗುರವಾದ ಮುಳ್ಳನ್ನು ಗಾಲಿಗಳೇ ಹಿಡಿದು ನಿಲ್ಲಿಸಬಲ್ಲವು. ಹೆಜ್ಜೆ ಮುಗಿದೊಡನೆ ಪ್ರವಾಹವನ್ನು ಆರಿಸಬಹುದು. ಮತ್ತೆ ಹೊರಡುವಾಗ ಮಾತ್ರ ಎಂಟರಲ್ಲಿ ಯಾವ ಸ್ಥಿತಿಯಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಬೇಕು. ಪ್ರತಿ ಸಲವೂ ಮೊದಲ ಸ್ಥಿತಿಯಿಂದ ಆರಂಭಿಸಿದರೆ ಹೆಜ್ಜೆಗಳು ತಪ್ಪುತ್ತವೆ.

ಗಡಿಯಾರ ಸರಿಯಾಗಿ ನಡೆದ ಮೇಲೆ ಇದೇ ಮೋಟಾರಿನಿಂದ ನಕ್ಷತ್ರಗಳನ್ನೂ ಹಿಂಬಾಲಿಸಬಹುದು. ಎರಡು ಹಲಗೆಗಳನ್ನು ಕೀಲಿನಿಂದ ಜೋಡಿಸಿ, ಕೀಲಿನಿಂದ ೨೨೮.೬ ಮಿಲಿಮೀಟರು ದೂರದಲ್ಲಿ, ಸುತ್ತಿಗೆ ೧ ಮಿಲಿಮೀಟರು ಏರುವ ತಿರುಪನ್ನು ನಿಲ್ಲಿಸಬೇಕು. ಅದನ್ನು ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಗಿಸಿದರೆ ಹಲಗೆಯು ಭೂಮಿಯ ಆವರ್ತನದ ವೇಗದಲ್ಲಿಯೇ ತೆರೆದುಕೊಳ್ಳುತ್ತದೆ. ಕೀಲು ಧ್ರುವನಕ್ಷತ್ರದತ್ತ ಮುಖಮಾಡಿರಬೇಕು. ಬೆಂಗಳೂರಿನಲ್ಲಿ ಅದು ಉತ್ತರ ದಿಗಂತದಿಂದ ಸುಮಾರು ೧೩ ಡಿಗ್ರಿ ಮೇಲಿದೆ. ಹಲಗೆಯ ಮೇಲೆ ಕ್ಯಾಮೆರಾವನ್ನಿಟ್ಟು ಕೆಲವು ನಿಮಿಷ ಬೆಳಕನ್ನು ಹಿಡಿದರೆ ನಕ್ಷತ್ರಗಳು ಗೆರೆಗಳಾಗದೆ ಚುಕ್ಕೆಗಳಾಗಿಯೇ ಮೂಡುತ್ತವೆ. ಅರ್ಧಹೆಜ್ಜೆಗಳ ನಡುವಣ ಬಿಡುವು ೧೪,೭೨೧ ಮೈಕ್ರೋಸೆಕೆಂಡು ಇರಬೇಕು. ಅಚ್ಚಾದ ೪೦೯೬ನ್ನು ನಂಬಿದರೆ ೧೪,೬೪೮ ಎಂದು ಇಡುತ್ತಿದ್ದೆವು. ಎಪ್ಪತ್ತಮೂರು ಮೈಕ್ರೋಸೆಕೆಂಡುಗಳ ಆ ಅಂತರವು ದೀರ್ಘವಾದ ಚಿತ್ರದಲ್ಲಿ ಪ್ರತಿ ನಕ್ಷತ್ರದ ಪಕ್ಕದಲ್ಲಿಯೂ ಸಣ್ಣ ಬಾಲವಾಗಿ ಕಾಣಿಸಿಕೊಳ್ಳುತ್ತದೆ.