ಇಳಿದದ್ದು ಅಂಕಿ ಮಾತ್ರ

ಕಳೆದ ಮಳೆಗಾಲದಲ್ಲಿ ನಮ್ಮ ಭಾವನವರು ಡೊಂಬಿವಲಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದರು. ನ್ಯುಮೋನಿಯಾ, ಬಿಪಿ ಕುಸಿದಿತ್ತು. ಸಿಸ್ಟರ್ ಮಣಿಕಟ್ಟಿನಿಂದ ಸಿರಿಂಜಿನಲ್ಲಿ ಚೂರು ರಕ್ತ ಎಳೆದು ಯಂತ್ರಕ್ಕೆ ಕೊಟ್ಟರು. ಬಸ್ ಟಿಕೇಟಿನಂಥ ಚೀಟಿ ಹೊರಬಂತು: ಲ್ಯಾಕ್ಟೇಟ್ 8. ಇರಬೇಕಾದ್ದು 2ರ ಒಳಗೆ. ತಲೆಯ ಮೇಲೆ ತೂಗಾಡುತ್ತಿದ್ದ ಬಾಟಲಿ ನೋಡಿದರೆ, ಅದರ ಮೇಲೂ ರಿಂಗರ್ ಲ್ಯಾಕ್ಟೇಟ್! ಏರಿದ್ದನ್ನೇ ಮತ್ತೆ ಏರಿಸುವುದೇ ಎಂದು ಕೇಳಿದೆ. ಡಾಕ್ಟರು ನಕ್ಕರು.

ಲ್ಯಾಕ್ಟೇಟ್ ಎಂದರೆ ಲ್ಯಾಕ್ಟಿಕ್ ಆಮ್ಲದ ರೂಪ. ಹುಳಿ ಹಾಲಿನಲ್ಲಿ ಆ ಆಮ್ಲವನ್ನು 1780ರಲ್ಲಿ ಕಂಡುಹಿಡಿದದ್ದು ಸ್ವೀಡನ್ನಿನ ಔಷಧಿಕಾರ ಷೀಲೆ. ಮನುಷ್ಯರ ರಕ್ತದಲ್ಲಿ ಅದು ಸಿಕ್ಕಿದ್ದು 1843ರಲ್ಲಿ. ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಬಾಣಂತಿ ಜ್ವರಕ್ಕೆ ಹೆಂಗಸರು ಸಾಲಾಗಿ ಸಾಯುತ್ತಿದ್ದಾಗ ಶೆರರ್ ಎಂಬ ವೈದ್ಯ ಶವಗಳ ರಕ್ತ ಪರೀಕ್ಷಿಸಿದ. ಮೊಸರಿನ ಹುಳಿ ಅಲ್ಲಿತ್ತು. ಯಾಕೆಂದು ಅವನಿಗೆ ಹೊಳೆಯಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಸಕ್ಕರೆ ಒಡೆದು ಪೈರುವೇಟ್ ಆಗುತ್ತದೆ. ಅದು ಜೀವಕೋಶದ ಕುಲುಮೆಯಾದ ಮೈಟೋಕಾಂಡ್ರಿಯಾದಲ್ಲಿ ಉರಿಯಲು ಆಮ್ಲಜನಕ ಬೇಕು. ಇಲ್ಲದಿದ್ದರೆ ಲ್ಯಾಕ್ಟೇಟ್ ಆಗಿ ಹೊರಗುಳಿಯುತ್ತದೆ. ಕಲ್ಯಾಣದಾಚೆ ಸಿಗ್ನಲ್ ಕೆಟ್ಟರೆ ಠಾಣೆಯವರೆಗೂ ಲೋಕಲ್ ರೈಲುಗಳು ಸಾಲುಗಟ್ಟುವುದಿಲ್ಲವೇ, ಹಾಗೆ.

ಆಮ್ಲ ಎಂದರೆ ಮದ್ದು ಕ್ಷಾರ. ಸೋಡಾ ಬೈಕಾರ್ಬ್ ಸುರಿದರೆ ಆಯಿತು ಎಂದು ದಶಕಗಳ ಕಾಲ ನಂಬಿದರು. ಕೆನಡಾದಲ್ಲಿ ಕೂಪರ್ ಮತ್ತು ಜೊತೆಗಾರರು 14 ಮಂದಿ ರೋಗಿಗಳಿಗೆ ಒಮ್ಮೆ ಬೈಕಾರ್ಬೊನೇಟ್, ಒಮ್ಮೆ ಬರೀ ಉಪ್ಪುನೀರು ಕೊಟ್ಟು ನೋಡಿದ ಫಲ 1990ರಲ್ಲಿ ಬಂತು. ಬೈಕಾರ್ಬೊನೇಟ್‌ನಿಂದ ರಕ್ತದ ಹುಳಿ ತಗ್ಗಿತು, ನಿಜ. ಹೃದಯದ ಕೆಲಸ ಮಾತ್ರ ಉಪ್ಪುನೀರಿಗಿಂತ ಒಂದಿಷ್ಟೂ ಹೆಚ್ಚು ಸುಧಾರಿಸಲಿಲ್ಲ.

ಜಾಣ ಮದ್ದು ಬೇರೊಂದಿತ್ತು: ಡೈಕ್ಲೋರೋಅಸಿಟೇಟ್. ಪೈರುವೇಟನ್ನು ಕುಲುಮೆಯೊಳಗೆ ಬಿಡುವ ಕಿಣ್ವಕ್ಕೆ ಬೀಗ ಹಾಕುವ ಇನ್ನೊಂದು ಕಿಣ್ವವುಂಟು. ಈ ಮದ್ದು ಆ ಬೀಗದವನನ್ನೇ ಕಟ್ಟಿಹಾಕುತ್ತದೆ. ಅಮೆರಿಕದ ಪೀಟರ್ ಸ್ಟ್ಯಾಕ್‌ಪೂಲ್ ಇದರ ಬೆನ್ನು ಹತ್ತಿದವರು. 1992ರಲ್ಲಿ 252 ರೋಗಿಗಳ ಪರೀಕ್ಷೆಯ ಫಲ ಬಂತು. ಲ್ಯಾಕ್ಟೇಟ್ ಇಳಿದಿತ್ತು. ಬದುಕಿದವರ ಪ್ರಮಾಣ ಹೆಚ್ಚಲಿಲ್ಲ. ರೈಲ್ವೆ ಫಾಟಕದಲ್ಲಿ ದಾರಿ ಬಿಟ್ಟರೂ ಓವರ್‌ಹೆಡ್ ತಂತಿಯಲ್ಲಿ ಕರೆಂಟಿಲ್ಲದಿದ್ದರೆ ಲೋಕಲ್ ಕದಲೀತೇ? ನನ್ನ ಮಟ್ಟಿಗೆ ಇಡೀ ಕತೆಯ ದೊಡ್ಡ ಆವಿಷ್ಕಾರ ಈ ಸೋಲೇ. ಅಂಕಿ ಸರಿಮಾಡುವುದು ಬೇರೆ, ಮನುಷ್ಯ ಉಳಿಯುವುದು ಬೇರೆ ಎಂದು ಅದು ಮುಲಾಜಿಲ್ಲದೆ ತೋರಿಸಿತು.

ಕ್ಷಾರವನ್ನು ಪೂರ್ತಿ ಮೂಲೆಗೆ ಹಾಕುವಂತೆಯೂ ಇಲ್ಲ. ಫ್ರಾನ್ಸಿನ 26 ಐಸಿಯುಗಳಲ್ಲಿ ತೀವ್ರ ಆಮ್ಲತೆಯ 389 ರೋಗಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಮೂತ್ರಪಿಂಡ ಕೈಕೊಟ್ಟವರಿಗೆ ಮಾತ್ರ ಬೈಕಾರ್ಬೊನೇಟ್ ಉಪಕಾರವಾದಂತಿತ್ತು.

ಇನ್ನು ಆ ಬಾಟಲಿ. 1932ರಲ್ಲಿ ಅಮೆರಿಕದ ಮಕ್ಕಳ ಡಾಕ್ಟರು ಹಾರ್ಟ್‌ಮನ್, ಆಮ್ಲತೆಗೆ ಮದ್ದಾಗಲೆಂದೇ ಹಳೆಯ ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಬೆರೆಸಿದರು. ಅದು ಆಮ್ಲವಲ್ಲ, ಅದರ ಸೋಡಿಯಂ ಲವಣ. ಯಕೃತ್ತು ಅದನ್ನು ಬಳಸಿಕೊಂಡಾಗ ಬೈಕಾರ್ಬೊನೇಟ್ ಹುಟ್ಟುತ್ತದೆ. ಡಾಕ್ಟರು ನಕ್ಕದ್ದು ಅದಕ್ಕೆ.

ಆ ರಾತ್ರಿ ಭಾವನವರಿಗೆ ಕೊಟ್ಟದ್ದು ಆಮ್ಲಜನಕ, ಡ್ರಿಪ್, ಆ್ಯಂಟಿಬಯೋಟಿಕ್, ಬಿಪಿ ಹಿಡಿದು ನಿಲ್ಲಿಸಲು ನಾರ್‌ಅಡ್ರಿನಲಿನ್. ಬೆಳಗಿನ ಚೀಟಿಯಲ್ಲಿ 3 ಎಂದಿತ್ತು. ಟ್ರೇನಲ್ಲಿದ್ದ ಸೋಡಾ ಬೈಕಾರ್ಬ್ ಸೀಸೆಗಳನ್ನು ಯಾರೂ ಒಡೆದಿರಲಿಲ್ಲ.