ಕರೆಂಟ್ ಬಿಟ್ಟರು, ರಕ್ತ ನಿಂತಿತು!

1902ರ ಜೂನ್ 30. ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಾವೇರಿಯ ಶಕ್ತಿ ತಂತಿ ಹತ್ತಿ, ಸುಮಾರು 150 ಕಿಲೋಮೀಟರ್ ಓಡಿ ಬಂದು ಕೋಲಾರದ ಚಿನ್ನದ ಗಣಿ ಮುಟ್ಟಿದ ದಿನ! ಕ್ಯಾಸಂಬಳ್ಳಿ ಇರುವುದು ಅದೇ ಗಣಿ ಸೀಮೆಯಲ್ಲಿ. ದೇಶದ ಬಹುಪಾಲು ಊರುಗಳಲ್ಲಿ ಬುಡ್ಡಿದೀಪ ಉರಿಯುತ್ತಿದ್ದಾಗಲೇ ಕರೆಂಟಿನ ಕೆಲಸ ಕಂಡ ಸೀಮೆಯಿದು. ಅದೇ ಕರೆಂಟಿನ ಬಗ್ಗೆ ವೈದ್ಯರು ಕಂಡುಕೊಂಡಿರುವ ಒಂದು ಸಂಗತಿ ಓದಿದಾಗಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಬೇಕು ಅನ್ನಿಸುತ್ತಿದೆ.

ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ಸಣ್ಣ ಗಂಟುಗಳು ಬೆಳೆಯುತ್ತವೆ. ಅವೇ ಪಾಲಿಪ್. ಸಾಮಾನ್ಯವಾಗಿ ನೋವಿಲ್ಲ, ಸುಳಿವಿಲ್ಲ. ಆದರೆ ಕೆಲವು ಜಾತಿಯವು ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಬಲ್ಲವು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಎಂಬ ವೈದ್ಯರು, ಕರುಳಿನೊಳಗೆ ಇಳಿಸಿ ನೋಡುವ ಕೊಲೊನೋಸ್ಕೋಪಿನ ಕೊಳವೆಯೊಳಗಿಂದ ತಂತಿಯ ಕುಣಿಕೆಯೊಂದನ್ನು ತೂರಿಸಿ, ಪಾಲಿಪ್‌ನ ಬುಡಕ್ಕೆ ಬಿಗಿದು, ಕರೆಂಟ್ ಹರಿಸಿ ಕತ್ತರಿಸಿ ತೆಗೆದರು. ಹೊಟ್ಟೆ ಕೊಯ್ಯಲೇ ಇಲ್ಲ! ಕರೆಂಟ್ ಏಕೆ? ಕತ್ತರಿಸುವಾಗಲೇ ರಕ್ತನಾಳ ಸುಟ್ಟು ಮುಚ್ಚಲಿ ಎಂದು. ಎಷ್ಟು ಸಹಜವಾದ ಆಲೋಚನೆ. ದಶಕಗಳ ಕಾಲ ಜಗತ್ತೆಲ್ಲ ಹಾಗೆಯೇ ನಡೆಯಿತು.

ತೊಡಕು ಇದ್ದದ್ದು ಆಮೇಲೆ. ಕೆಲವೊಮ್ಮೆ ರೋಗಿ ಮನೆಗೆ ಹೋಗಿ, ಊಟ ಮಾಡಿ, ಕೆಲಸಕ್ಕೂ ಮರಳಿ, ಐದನೆಯ ದಿನವೋ ಹತ್ತನೆಯ ದಿನವೋ ಇದ್ದಕ್ಕಿದ್ದಂತೆ ಮಲದಲ್ಲಿ ರಕ್ತ! ಬಿಸಿ ಮೇಲ್ಪದರದಲ್ಲಿ ನಿಲ್ಲದೆ ಕೆಳಗಿನ ದಪ್ಪ ರಕ್ತನಾಳಗಳಿಗೂ ಇಳಿದಿರುತ್ತದೆ. ಸುಟ್ಟ ಹಕ್ಕಳೆ ಕೆಲವು ದಿನಗಳ ನಂತರ ಉದುರಿದಾಗ, ಪೆಟ್ಟುತಿಂದ ಆ ನಾಳ ಬಾಯ್ದೆರೆಯುತ್ತದೆ.

ಹಾಗಾದರೆ ಕರೆಂಟನ್ನೇ ಬಿಟ್ಟರೆ?

ಬರಿಯ ಕುಣಿಕೆ ಬಿಗಿದು ತಣ್ಣಗೆ ಕತ್ತರಿಸಿದರೆ ಅಲ್ಲೇ, ಆಗಲೇ ರಕ್ತ ಒಸರುತ್ತದೆ. ಪರದೆಯ ಮೇಲೆ ಕೆಂಪು ಕಾಣುತ್ತದೆ. ಆದರೆ ಗಾಯ ಮೇಲುಮೇಲಿನದು, ಸಣ್ಣ ಕೇಶನಾಳಗಳದ್ದು. ಸಾಮಾನ್ಯವಾಗಿ ವೈದ್ಯರು ನೋಡುನೋಡುತ್ತಿದ್ದಂತೆಯೇ ನಿಂತುಬಿಡುತ್ತದೆ. ನಿಲ್ಲದಿದ್ದರೆ ಅಲ್ಲೇ ಕ್ಲಿಪ್ ಹಾಕಬಹುದು. ರೋಗಿ ಇನ್ನೂ ಮೇಜಿನ ಮೇಲೇ ಇದ್ದಾರಲ್ಲ!

ಜಪಾನಿನ ಕೊಮಗಾನೆ ಎಂಬ ಪುಟ್ಟ ಪಟ್ಟಣದ ಆಸ್ಪತ್ರೆಯಲ್ಲಿ ಅಕಿರಾ ಹೊರಿಯುಚಿ ಮತ್ತು ಸಂಗಡಿಗರು ಇದನ್ನು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದ 70 ಜನರಲ್ಲಿ ಪರೀಕ್ಷಿಸಿದರು, ಅದೂ ಮಾತ್ರೆ ನಿಲ್ಲಿಸದೆ! 2014ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಕರೆಂಟ್ ಬಳಸಿದ 35 ಜನರಲ್ಲಿ 5 ಮಂದಿಗೆ ತಡವಾಗಿ ರಕ್ತಸ್ರಾವ, ತಣ್ಣನೆಯ ಕುಣಿಕೆಯ 35 ಜನರಲ್ಲಿ ಒಬ್ಬರಿಗೂ ಇಲ್ಲ. ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಒಳಪದರದ ಧಮನಿಗೆ ಪೆಟ್ಟಾಗಿದ್ದದ್ದು ಕರೆಂಟಿನವುಗಳಲ್ಲಿ ಶೇ 39, ತಣ್ಣನೆಯವುಗಳಲ್ಲಿ ಶೇ 22. ಎಪ್ಪತ್ತೇ ಜನ ಸಾಕೇ ಎನ್ನುವವರಿಗೆ 2023ರಲ್ಲಿ ತೈವಾನ್ ಉತ್ತರ ಕೊಟ್ಟಿತು. 4 ರಿಂದ 10 ಮಿಲಿಮೀಟರಿನ ಪಾಲಿಪ್ ಇದ್ದ 4,270 ಜನರಲ್ಲಿ, ತಡವಾಗಿ ರಕ್ತ ಹೋದದ್ದು ಕರೆಂಟಿನ ಗುಂಪಿನಲ್ಲಿ ಶೇ 1.5, ತಣ್ಣನೆಯದರಲ್ಲಿ ಶೇ 0.4!

ಕ್ಯಾಸಂಬಳ್ಳಿಯಂಥ ಊರಿಗೆ ಇದು ಎಷ್ಟು ದೊಡ್ಡ ಮಾತು! ಇಲ್ಲಿಂದ ಕೋಲಾರಕ್ಕೋ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೋ ಹೋಗಿ ಪಾಲಿಪ್ ತೆಗೆಸಿಕೊಂಡು ಬಂದವರಿಗೆ ಹತ್ತನೆಯ ದಿನ ನಡುರಾತ್ರಿ ರಕ್ತ ಹೋದರೆ, ಎಂಡೋಸ್ಕೋಪಿ ಇರುವ ಆಸ್ಪತ್ರೆ ಬಾಗಿಲ ಪಕ್ಕದಲ್ಲಿಲ್ಲ. ಮೇಜಿನ ಮೇಲೆ ಒಸರಿ ನಿಲ್ಲುವ ರಕ್ತವೇ ಸಾವಿರ ಪಾಲು ಲೇಸು. ಹಾಗೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವೇ ನಿಲ್ಲಿಸುವಂತಿಲ್ಲ, ಅದರಲ್ಲೂ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು! ಯಾವ ಮಾತ್ರೆ, ಎಷ್ಟು ದಿನ ಎಂಬುದನ್ನು ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಬೇಕು. ಎರಡು ವಾರದೊಳಗೆ ರಕ್ತ ಗಡ್ಡೆಗಡ್ಡೆಯಾಗಿ ಹೋದರೆ, ಅಥವಾ ತಲೆಸುತ್ತು ಬಂದರೆ, ಬೆಳಗಾಗಲಿ ಎಂದು ಕಾಯದೆ ಹೊರಡಬೇಕು.

ದೊಡ್ಡ ಪಾಲಿಪ್‌ಗಳ ಕತೆ ಬೇರೆ. ತೊಟ್ಟು ದಪ್ಪಗಿದ್ದರೆ ಅಡ್ರಿನಲಿನ್ ಚುಚ್ಚಿ, ಇಲ್ಲವೇ ಬುಡಕ್ಕೆ ನೈಲಾನ್ ಉರುಳು ಬಿಗಿದು, ಕರೆಂಟಿನಿಂದಲೇ ಕತ್ತರಿಸುತ್ತಾರೆ. ಚಪ್ಪಟೆಯಾಗಿ 20 ಮಿಲಿಮೀಟರ್ ದಾಟಿದ್ದರೆ ಗಾಯದ ಎರಡೂ ಅಂಚನ್ನು ಪುಟಾಣಿ ಲೋಹದ ಕ್ಲಿಪ್‌ಗಳಿಂದ ಸೇರಿಸುತ್ತಾರೆ. ಕರುಳಿನ ಬಲಭಾಗದಲ್ಲಿ ಇದರಿಂದ ರಕ್ತಸ್ರಾವ ಶೇ 9.6ರಿಂದ 3.3ಕ್ಕೆ ಇಳಿದದ್ದನ್ನು 2019ರ ಅಧ್ಯಯನ ತೋರಿಸಿತು. ವಿಚಿತ್ರವೆಂದರೆ ಎಡಭಾಗದಲ್ಲಿ ಅಂಥ ಲಾಭ ಕಾಣಲಿಲ್ಲ!

ಅಷ್ಟು ದೊಡ್ಡವನ್ನೂ ಕರೆಂಟಿಲ್ಲದೆ ತುಂಡುತುಂಡಾಗಿ ತೆಗೆಯಬಹುದೇ? ಜರ್ಮನಿಯಲ್ಲಿ ಅದನ್ನೂ ಮಾಡಿ ನೋಡಿದರು. 2024ರಲ್ಲಿ ಬಂದ ಉತ್ತರ: ರಕ್ತಸ್ರಾವ ಶೇ 4.4ರಿಂದ ಒಂದಕ್ಕೆ ಇಳಿಯಿತು, ಆದರೆ ಗಂಟು ಉಳಿದುಕೊಂಡದ್ದೋ ಮತ್ತೆ ಚಿಗುರಿದ್ದೋ ಶೇ 13.8ರಿಂದ 23.7ಕ್ಕೆ ಏರಿತು. ಬೇರನ್ನೂ ಬಿಡದ, ನಾಳವನ್ನೂ ನೋಯಿಸದ ದಾರಿಯನ್ನು ವೈದ್ಯರು ಈಗ ಹುಡುಕುತ್ತಿದ್ದಾರೆ.