ಮನ್ನಣೆಯಿಲ್ಲದ ಪ್ರತಿಪಕ್ಷ: ಕಾಸರಗೋಡು ಮತ್ತು ಎ.ಕೆ. ಗೋಪಾಲನ್

1952ರ ಮೊದಲ ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ಎದುರು ಕುಳಿತ ಪಕ್ಷಗಳಲ್ಲಿ ದೊಡ್ಡದು ಕಮ್ಯುನಿಸ್ಟ್ ಪಕ್ಷ. ಅದರ ಬಲ ಕೇವಲ 16. ನಾಯಕರು ಎ.ಕೆ. ಗೋಪಾಲನ್. ಸದನದ ಹತ್ತರಲ್ಲೊಂದು ಪಾಲು ಸದಸ್ಯರಿಲ್ಲದ ಪಕ್ಷಕ್ಕೆ ಅಧಿಕೃತ ಪ್ರತಿಪಕ್ಷದ ಮನ್ನಣೆಯಿಲ್ಲವೆಂಬುದು ಸಭಾಧ್ಯಕ್ಷ ಮಾವಳಂಕರರು ಹಾಕಿಕೊಟ್ಟ ರೂಢಿ. 1957ರಲ್ಲಿ ಪಕ್ಷದ ಬಲ 27ಕ್ಕೇರಿದರೂ ಆ ಮನ್ನಣೆ ದೂರವೇ ಉಳಿಯಿತು. ಹಲವು ರಾಷ್ಟ್ರಗಳ ಸಂಸತ್ತಾದ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಇಂದು ಏಳು ದೇಶಗಳ 23 ಸದಸ್ಯರು ಕೂಡಿದರೆ ಗುಂಪಿಗೆ ಮಾನ್ಯತೆ ದೊರೆಯುತ್ತದೆ. ಅಲ್ಲಿನ ಎಡಪಂಥೀಯರು ಉಳಿದಿರುವುದು ಈ ಉದಾರ ನಿಯಮದ ಆಸರೆಯಲ್ಲಿ. ಗೋಪಾಲನ್ನರಿಗೆ ಅಂಥ ಆಸರೆಯಿರಲಿಲ್ಲ.

1957, 1962, 1967, ಈ ಮೂರು ಚುನಾವಣೆಗಳಲ್ಲೂ ಅವರನ್ನು ದೆಹಲಿಗೆ ಕಳುಹಿಸಿದ್ದು ಕಾಸರಗೋಡು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದ ಉತ್ತರಭಾಗದ ಕನ್ನಡಿಗರ ಮನಸ್ಸು ಬೇರೆಯಿತ್ತು. 1957ರಲ್ಲಿ ಮಂಜೇಶ್ವರದಿಂದ ಪಕ್ಷೇತರರಾದ ಎಂ. ಉಮೇಶರಾಯರು ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಲೋಕಸಭಾ ಕ್ಷೇತ್ರದಲ್ಲಾದರೋ ದಕ್ಷಿಣದ ಮಲಯಾಳ ಪ್ರದೇಶಗಳೂ ಕೂಡಿದ್ದವು.

ತೊಡಕಿದ್ದದ್ದು ಇಲ್ಲಿ. ದೆಹಲಿಯಲ್ಲಿ ಪ್ರತಿಪಕ್ಷವಾಗಿದ್ದ ಪಕ್ಷವೇ 1957ರ ಏಪ್ರಿಲಿನಿಂದ ತಿರುವನಂತಪುರದಲ್ಲಿ ಆಳುವ ಪಕ್ಷ. ಸರ್ಕಾರವನ್ನು ಪ್ರಶ್ನಿಸಬೇಕಾದ ಮಂಜೇಶ್ವರದ ಕನ್ನಡಿಗನಿಗೆ ತನ್ನ ಸಂಸದನೇ ಆ ಸರ್ಕಾರದ ಪಕ್ಷದವನು! ಭಾಷಾವಾರು ಪ್ರಾಂತಗಳಿಗಾಗಿ ಹೋರಾಡಿದ ಪಕ್ಷ ಅದು ಎಂಬುದನ್ನೂ ಮರೆಯಲಾಗದು.

ಮಹಾಜನ ವರದಿಯೆಂದರೆ ಗೋವೆಯ ಕನ್ನಡ ವಿದ್ಯಾರ್ಥಿಗಳಿಗೆ ನೆನಪಾಗುವುದು ಬೆಳಗಾವಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರ ಆಗಸ್ಟಿನಲ್ಲಿ ಶಿಫಾರಸು ಮಾಡಿದ್ದೂ ಅದೇ ವರದಿ. ಆಗಲೂ ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್, ಕಾಸರಗೋಡಿನ ಸಂಸದ ಗೋಪಾಲನ್. ಕೇರಳ ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. 1971ರಲ್ಲಿ ಗೋಪಾಲನ್ ಪಾಲಕ್ಕಾಡಿನಿಂದ ಸಂಸತ್ತಿಗೆ ಹೋದರು.